ಈ ಗೋಡೆಗೆ ಕಿವಿಯಿಲ್ಲ

ನಮ್ಮ ಕಡೆಯ ಸರ್ಕಾರಿ ಶಾಲೆಗಳಲ್ಲಿ ಈಚೆಗೆ ಒಂದು ದೇವರ ಕೋಣೆ ಹುಟ್ಟಿಕೊಂಡಿದೆ. ಬಾಗಿಲಿಗೆ ಬೀಗ, ಕೀಲಿಕೈ ಹೆಡ್‌ಮಾಸ್ಟರ ಜೇಬಿನಲ್ಲಿ. ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಗೋಡೆ ಮುಟ್ಟಬಾರದು, ಗದ್ದಲ ಮಾಡಬಾರದು. ಎದುರಿಗೆ ಬಟ್ಟೆ ಹೊದಿಸಿದ ದೊಡ್ಡ ಪರದೆ. ಅದರ ಅಂಚಿನಲ್ಲಿ ಕಳೆದ ದಸರೆಯ ಕುಂಕುಮ ಇನ್ನೂ ಇದೆ. ಇದರ ಹೆಸರು ಸ್ಮಾರ್ಟ್ ಕ್ಲಾಸ್. ವಾರಕ್ಕೆ ಒಂದೋ ಎರಡೋ ಸಲ ದರ್ಶನ, ಅದೂ ಹೆಚ್ಚಾಗಿ ಇಂಗ್ಲಿಷ್ ಪೀರಿಯಡ್ಡಿನಲ್ಲಿ. ಮೇಷ್ಟ್ರಿಗೆ ಬಾರದ ಇಂಗ್ಲಿಷು ಪರದೆಗೆ ಬರುತ್ತದೆ ಎಂಬುದು ಎಲ್ಲರ ನಂಬಿಕೆ.

ಆ ನಂಬಿಕೆಯ ವಿರುದ್ಧ ಇದನ್ನು ಬರೆಯುತ್ತಿದ್ದೇನೆ. ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ಪ್ರಾಥಮಿಕ ಶಾಲೆಯ ಮಕ್ಕಳು ಇಂಗ್ಲಿಷನ್ನು ಹೇಗೆ ಕಲಿಯುತ್ತಾರೆ ಎಂಬುದು ನನ್ನ ಪಿಎಚ್‌ಡಿಯ ವಿಷಯ. ಎರಡು ವರ್ಷದಿಂದ ಈ ಶಾಲೆಗಳಲ್ಲಿ ಹಿಂದಿನ ಸಾಲಿನ ಹುಡುಗರ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದೇನೆ. ಶಾಲೆಗಳ ಹೆಸರು ಹೇಳುವುದಿಲ್ಲ. ಹೇಳಿದರೆ ನೋಟಿಸು ಬರುವುದು ಮೇಷ್ಟ್ರಿಗೆ, ಪರದೆ ಮಾರಿದವರಿಗಲ್ಲ.

ಕಲ್ಯಾಣದ ಬಗ್ಗೆ ಬರೆಯುವವರೆಲ್ಲ ಮೊದಲು ಅನುಭವ ಮಂಟಪಕ್ಕೆ ಹೋಗಿ ಕೈಮುಗಿದು ಆಮೇಲೆ ಮಾತಿಗೆ ಬರಬೇಕೆಂಬ ಅಲಿಖಿತ ನಿಯಮ ನಮ್ಮ ಸಾಹಿತ್ಯದಲ್ಲಿದೆ. ನಾನು ಸಸ್ತಾಪುರ ಬಂಗ್ಲಾದಿಂದ ಶುರು ಮಾಡುತ್ತೇನೆ. ಪುಣೆ-ಹೈದರಾಬಾದ್ ಹೆದ್ದಾರಿ ಬಿಟ್ಟು ಬಸವಕಲ್ಯಾಣಕ್ಕೆ ತಿರುಗುವ ಜಾಗ ಅದು. ಅಲ್ಲಿಯ ಚಹಾದ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಕನ್ನಡ, ಮರಾಠಿ, ದಖ್ಖನಿ ಉರ್ದು, ಲಂಬಾಣಿ ನಾಲ್ಕೂ ಕಿವಿಗೆ ಬೀಳುತ್ತವೆ. ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಇವುಗಳ ಜತೆಗೆ ತೆಲುಗೂ ಸೇರುತ್ತದೆ. ತಾಂಡಾದಿಂದ ಬರುವ ಹುಡುಗಿ ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಗೆಳತಿಯ ಜತೆ ದಖ್ಖನಿ ಆಡುತ್ತಾಳೆ. ಅವಳಿಗೆ ಇಂಗ್ಲಿಷು ಐದನೆಯ ಭಾಷೆ. ಎಂಟು ವರ್ಷಕ್ಕೆ ನಾಲ್ಕು ಭಾಷೆ ಗೆದ್ದ ಮಗು, ಐದನೆಯದರ ಮುಂದೆ ಮಾತ್ರ ಯಾಕೆ ಬಾಯಿ ಕಟ್ಟಿದಂತೆ ಕೂರುತ್ತದೆ? ನನ್ನ ಪ್ರಶ್ನೆ ಇಷ್ಟೇ.

ನಾಲ್ಕನೆಯ ತರಗತಿಯ ಒಂದು ಪಾಠ ಹೇಳುತ್ತೇನೆ. ಪರದೆಯ ಮೇಲೆ ಹಳದಿ ಕೂದಲಿನ ಕಾರ್ಟೂನ್ ಹುಡುಗಿ. ಹಿಂದೆ ಹಿಮದ ಬೆಟ್ಟ, ಮುಂದೆ ಸೇಬಿನ ಮರ. ಅವಳು 'ವಾಟ್ ಈಸ್ ಯುವರ್ ನೇಮ್?' ಎಂದು ಕೇಳುತ್ತಾಳೆ. ಎರಡು ಸೆಕೆಂಡು ಬಿಟ್ಟು ತಾನೇ 'ಮೈ ನೇಮ್ ಈಸ್ ಲೂಸಿ' ಎನ್ನುತ್ತಾಳೆ. ಮೂವತ್ತೆರಡು ಮಕ್ಕಳು ಒಕ್ಕೊರಲಿನಿಂದ ಕೂಗಿದರು: 'ಮೈ ನೇಮ್ ಈಸ್ ಲೂಸಿ!' ಗಂಡುಹುಡುಗರೂ ಸೇರಿ. ಪರದೆ 'ವೆರಿ ಗುಡ್!' ಎಂದಿತು, ಚಪ್ಪಾಳೆಯ ಸದ್ದು ಕೇಳಿಸಿತು, ಬಣ್ಣದ ಬಲೂನುಗಳು ಹಾರಿದವು. ಮೇಷ್ಟ್ರು ಆ ಹೊತ್ತಿನಲ್ಲಿ ಬಿಸಿಯೂಟದ ಲೆಕ್ಕ ಬರೆಯುತ್ತಿದ್ದರು. ಅವರನ್ನು ದೂರುವುದಿಲ್ಲ, ಆ ಲೆಕ್ಕ ಅಂದೇ ಹೋಗಬೇಕಿತ್ತು. ಪಾಠ ಮುಗಿದ ಮೇಲೆ ನನ್ನ ಪಕ್ಕದ ಹುಡುಗನನ್ನು ಹೆಂಗಿತ್ತಪ್ಪ ಎಂದು ಕೇಳಿದೆ. ಅವನಂದ: 'ಚಲೋ ಇತ್ರಿ ಮೇಡಂ. ಅದೇ ಕೇಳ್ತದ, ಅದೇ ಹೇಳ್ತದ. ನಮಗೇನ್ ಕೆಲಸಾನೇ ಇಲ್ಲ.'

ನನ್ನ ಮಹಾಪ್ರಬಂಧದ ಸಾರವನ್ನು ಆ ಹುಡುಗ ಮೂರು ವಾಕ್ಯದಲ್ಲಿ ಹೇಳಿಬಿಟ್ಟ.

ಭಾಷೆ ಎಂದರೆ ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡುವುದು. ಮಗು ತಪ್ಪು ಹೇಳಿದರೆ ಎದುರಿನವರ ಹುಬ್ಬು ಮೇಲೇರಬೇಕು, ಸರಿ ಹೇಳಿದರೆ ಕೇಳಿದ್ದು ಕೈಗೆ ಬರಬೇಕು. ಗೋಡೆಗೂ ಕಿವಿ ಇರುತ್ತದೆ ಎಂದು ಹಿರಿಯರು ಎಚ್ಚರಿಸುತ್ತಾರೆ. ಸ್ಮಾರ್ಟ್ ಕ್ಲಾಸಿನ ಗೋಡೆಗೆ ಮಾತ್ರ ಬಾಯಿಯೊಂದೇ ಇದೆ. ಸಿಯಾಟಲ್‌ನಲ್ಲಿ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು ಮಾಡಿ 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಭಾಷಾ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಇಂಗ್ಲಿಷ್ ಮನೆಗಳ 9 ತಿಂಗಳ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಮಾತು ಕೇಳಿಸಿದರು. ಒಂದು ಗುಂಪಿನ ಮುಂದೆ ಮನುಷ್ಯರು ಕೂತು ಕತೆ ಓದಿದರು, ಆಟಿಕೆ ಹಿಡಿದು ಆಡಿಸಿದರು. ಇನ್ನೊಂದು ಗುಂಪಿಗೆ ಅದೇ ಮನುಷ್ಯರ ವಿಡಿಯೋ ತೋರಿಸಿದರು. ಎರಡಕ್ಕೂ 12 ಸಲ. ಮೊದಲ ಗುಂಪಿನ ಕೂಸುಗಳು ಮ್ಯಾಂಡರಿನ್ನಿನ ಧ್ವನಿಗಳನ್ನು ಬೇರ್ಪಡಿಸಿ ಗುರುತಿಸಲು ಕಲಿತವು. ವಿಡಿಯೋ ನೋಡಿದ ಕೂಸುಗಳು ಆ ಭಾಷೆಯನ್ನು ಕೇಳಿಯೇ ಇರದ ಕೂಸುಗಳಿಗಿಂತ ಒಂದು ಹೆಜ್ಜೆಯೂ ಮುಂದಿರಲಿಲ್ಲ. ಕೂಸಿನ ಮಾತು ಬೇರೆ, ಎಂಟು ವರ್ಷದ ಮಗುವಿನದು ಬೇರೆ, ಒಪ್ಪುತ್ತೇನೆ. ದೊಡ್ಡ ಮಕ್ಕಳು ವಿಡಿಯೋದಿಂದ ಬಿಡಿ ಪದಗಳನ್ನು ಹೆಕ್ಕಿಕೊಳ್ಳುತ್ತಾರೆ. ನಮ್ಮ ಹುಡುಗರೂ ಹೆಕ್ಕಿಕೊಂಡಿದ್ದಾರೆ: ಆ್ಯಪಲ್, ಸ್ನೋ, ಲೂಸಿ.

ಇಲ್ಲಿ ನನಗೆ ಯಾವಾಗಲೂ ಒಂದು ಆಕ್ಷೇಪಣೆ ಎದುರಾಗುತ್ತದೆ, ಅದು ಗಟ್ಟಿಯಾದ ಆಕ್ಷೇಪಣೆ. ಶಿಕ್ಷಣ ಇಲಾಖೆಯ ಹಿರಿಯರೊಬ್ಬರು ಕೇಳಿದರು: 'ನಮ್ಮ ಹುಡುಗ್ರು ಟೀವಿ ನೋಡೇ ಹಿಂದಿ ಕಲ್ತಾರ. ಹಂಗಾದ್ರ ಇಂಗ್ಲಿಷ್ ಯಾಕ ಬರಂಗಿಲ್ಲ?' ನಿಜ. ಛೋಟಾ ಭೀಮ್, ಮೋಟು ಪತಲು ನೋಡುತ್ತ ಬೆಳೆದ ನಮ್ಮ ಕಡೆಯ ಮಕ್ಕಳು ಶಾಲೆಯಲ್ಲಿ ಹಿಂದಿ ಪಾಠ ಶುರುವಾಗುವ ಮೊದಲೇ ಹಿಂದಿಯಲ್ಲಿ ಜಗಳ ಆಡುತ್ತಾರೆ. ಆದರೆ ಆ ಹಿಂದಿಯನ್ನು ಕಲಿಸಿದ್ದು ಟೀವಿ ಒಂದೇ ಏನು? ಹುಡುಗ ಟೀವಿಯಲ್ಲಿ ಕೇಳಿದ 'ಕಹಾಂ ಜಾ ರಹೇ ಹೋ'ವನ್ನು ಸಂಜೆ ಓಣಿಯಲ್ಲಿ ಆಡಿದರೆ, ಪಕ್ಕದ ಮನೆಯ ಹುಡುಗ ದಖ್ಖನಿಯಲ್ಲಿ ಉತ್ತರ ಕೊಡುತ್ತಾನೆ. ಕಿರಾಣಿ ಅಂಗಡಿಯವರು ಕೊಡುತ್ತಾರೆ, ಲಾರಿಯ ಕ್ಲೀನರು ಕೊಡುತ್ತಾನೆ. ಮರಾಠಿ, ಲಂಬಾಣಿ ಗೊತ್ತಿರುವ ಮಗುವಿಗೆ ಅರ್ಧ ಪದಗಳು ಹಳೆಯ ಗುರುತಿನವು. ಟೀವಿ ಬಿತ್ತಿತು ಎನ್ನೋಣ, ನೆಲ ಹದವಾಗಿತ್ತು, ಓಣಿ ನೀರು ಹಾಕಿತು. ಇಂಗ್ಲಿಷಿಗೆ ಹುಮನಾಬಾದಿನಲ್ಲಿ ಆ ಓಣಿ ಇಲ್ಲ. ಮಗು ಪರದೆಯಿಂದ ಕಲಿತ ವಾಕ್ಯವನ್ನು ಹೊತ್ತು ಮನೆಗೆ ಹೋದರೆ ಅದನ್ನು ಇಸಿದುಕೊಳ್ಳುವವರು ಯಾರೂ ಇಲ್ಲ. ಆ ಓಣಿಯ ಕೆಲಸವನ್ನು ಮಾಡಬಲ್ಲ ಜಾಗ ಊರಿನಲ್ಲಿ ಒಂದೇ ಒಂದು, ತರಗತಿ. ಅಲ್ಲಿಯೂ ಮಕ್ಕಳನ್ನು ಗೋಡೆಗೆ ಮುಖ ಮಾಡಿ ಕೂರಿಸಿಬಿಟ್ಟರೆ ಉತ್ತರ ಕೊಡುವವರು ಯಾರು?

ತಂತ್ರಜ್ಞಾನಕ್ಕೆ ನಾನು ವೈರಿಯಲ್ಲ. ಈ ಸೀಮೆಯವರಿಗೆ ಅದು ಹೊಸದೂ ಅಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ, ನಾಸಾದಿಂದ ಎರವಲು ತಂದ ಎಟಿಎಸ್-6 ಉಪಗ್ರಹದ ಮೂಲಕ 6 ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೀವಿ ಪಾಠ ಬಂತು. ಸೈಟ್ ಎಂದು ಅದರ ಹೆಸರು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಬೀದರ ಬಿಟ್ಟುಹೋಯಿತು, ಅದು ನಮಗೆ ರೂಢಿ. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರವರಿಗೆ ಕನ್ನಡದಲ್ಲಿ ಕಾರ್ಯಕ್ರಮ. ಆ ಪ್ರಯೋಗದ ಹಿಂದೆಯೇ 1977ರಲ್ಲಿ ಗುಲ್ಬರ್ಗಾಕ್ಕೆ ದೂರದರ್ಶನ ಕೇಂದ್ರ ಬಂತು. ಬೆಂಗಳೂರಿಗೆ ಅದು ಬಂದದ್ದು 1981ರಲ್ಲಿ! ಈ ಒಂದು ವಿಷಯದಲ್ಲಿ ನಾವು ರಾಜಧಾನಿಗಿಂತ ನಾಲ್ಕು ವರ್ಷ ಮುಂದಿದ್ದೆವು ಎಂಬುದನ್ನು ನಮ್ಮವರೇ ಮರೆತಿದ್ದಾರೆ.

ಸೈಟ್‌ನ ಕಾಲದಲ್ಲಿ ಪ್ರಾಥಮಿಕ ಶಾಲೆಯ ವಿಜ್ಞಾನ ಶಿಕ್ಷಕರಿಗೆಂದು ಒಂದು ತರಬೇತಿ ನಡೆಯಿತು. ಅದನ್ನು ಆಗಲೇ ಮಲ್ಟಿಮೀಡಿಯಾ ಪ್ಯಾಕೇಜ್ ಎಂದು ಕರೆದಿದ್ದರು. ಅದರಲ್ಲಿ ಟೀವಿ ಇತ್ತು, ರೇಡಿಯೋ ಇತ್ತು, ಓದಲು ಮುದ್ರಿತ ಪಾಠ ಇತ್ತು, ಕೈಯಿಂದ ಮಾಡಿ ನೋಡುವ ಚಟುವಟಿಕೆ ಇತ್ತು, ಇವೆಲ್ಲವನ್ನೂ ಜೋಡಿಸಿ ಮಾತಾಡಿಸುವ ಮಾರ್ಗದರ್ಶಕರು ಕೋಣೆಯಲ್ಲೇ ಇದ್ದರು. ಐವತ್ತು ವರ್ಷದ ಹಿಂದೆ ಬಹುಮಾಧ್ಯಮ ಎಂದರೆ ಮನುಷ್ಯರೂ ಒಂದು ಮಾಧ್ಯಮ ಎಂಬ ತಿಳಿವಳಿಕೆ ಇತ್ತು. ಈಗಿನ ಟೆಂಡರುಗಳಲ್ಲಿ ಪರದೆಯ ಇಂಚು ಇದೆ, ಸ್ಪೀಕರಿನ ವ್ಯಾಟ್ ಇದೆ, ವಾರಂಟಿಯ ವರ್ಷ ಇದೆ. ಮನುಷ್ಯರ ಕಾಲಂ ಇಲ್ಲ.

ಉತ್ತರಕ್ಕೆ ಜಾಗ ಬಿಡುವ ಯಂತ್ರವನ್ನು ಮಾಡಲಾಗದೇ? ಬಡ ದೇಶಗಳು ಅದನ್ನು ರೇಡಿಯೋದಲ್ಲೇ ಮಾಡಿ ತೋರಿಸಿವೆ. 1970ರ ದಶಕದಲ್ಲಿ ನಿಕರಾಗುವಾದಲ್ಲಿ ರೇಡಿಯೋ ಗಣಿತ ಪಾಠ ಶುರುವಾಯಿತು, 1980ರ ದಶಕದಲ್ಲಿ ಕೀನ್ಯಾದಲ್ಲಿ ಅದೇ ಮಾದರಿಯಲ್ಲಿ ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಕಲಿಸಿದರು. ಅದರ ಗುಟ್ಟು ಬಹಳ ಸರಳ: ರೇಡಿಯೋ ಪ್ರಶ್ನೆ ಕೇಳಿ ಸುಮ್ಮನಾಗುತ್ತದೆ. ಆ ಮೌನದಲ್ಲಿ ಮಕ್ಕಳು ಉತ್ತರ ಹೇಳಬೇಕು, ಎದ್ದು ನಿಲ್ಲಬೇಕು, ಕಿಟಕಿ ಮುಟ್ಟಿ ಬರಬೇಕು. ಮೇಷ್ಟ್ರು ನಡುವೆ ನಿಂತು ಯಾರು ಹೇಳಿದರು, ಯಾರು ಹೇಳಲಿಲ್ಲ ಎಂದು ನೋಡಬೇಕು. ಪಾಠ ಬರೆಯುವವರು ಮಾತಿನಷ್ಟೇ ಎಚ್ಚರದಿಂದ ಮೌನವನ್ನೂ ಬರೆಯುತ್ತಿದ್ದರು. ನಮ್ಮ ಲೂಸಿ ಎರಡು ಸೆಕೆಂಡೂ ಸುಮ್ಮನಿರಲಾರಳು.

ಅಂಕಿ ಬೇಕೆನ್ನುವವರಿಗೆ ಒಂದು ಅಂಕಿ. ಗ್ರಾಮೀಣ ಭಾರತದ ಮನೆಮನೆಗೆ ಹೋಗಿ ಮಕ್ಕಳ ಓದನ್ನು ಪರೀಕ್ಷಿಸುವ ಅಸರ್ ಸಮೀಕ್ಷೆಯ ಪ್ರಕಾರ 2016ರಲ್ಲಿ 5ನೇ ತರಗತಿಯ 24.7% ಮಕ್ಕಳು ಸರಳ ಇಂಗ್ಲಿಷ್ ವಾಕ್ಯ ಓದುತ್ತಿದ್ದರು. 2022ರಲ್ಲಿ ಅದು 24.5%. ನಡುವಿನ ಆರು ವರ್ಷದಲ್ಲಿ ಏನೇನಾಯಿತು ನೆನಪಿಸಿಕೊಳ್ಳಿ. ಜಿಯೋ ಬಂತು, ಡೇಟಾ ಅಗ್ಗವಾಯಿತು, 2017ರಲ್ಲಿ ದೀಕ್ಷಾ ಪೋರ್ಟಲ್ ಬಂತು, ಪಠ್ಯಪುಸ್ತಕದ ಪುಟಗಳಿಗೆ ಕ್ಯೂಆರ್ ಕೋಡ್ ಬಂತು, ಕೋವಿಡ್ಡಿನ ನೆಪದಲ್ಲಿ ಮೊಬೈಲು ಮನೆಮನೆಯ ಪಾಟಿಚೀಲವಾಯಿತು. ಶಾಲೆ ಮುಚ್ಚಿದ್ದರ ಹೊಡೆತವೂ ಆ ಅಂಕಿಯಲ್ಲಿದೆ, ಮರೆಮಾಚುವುದಿಲ್ಲ. ಆದರೆ ಶಾಲೆ ಮುಚ್ಚಿದಾಗ ಪರದೆ ಆ ಜಾಗ ತುಂಬುತ್ತದೆ ಎಂದೇ ಅಲ್ಲವೇ ನಮಗೆ ಹೇಳಿದ್ದು?

ಪರದೆ ನುಂಗಿಹಾಕುವ ಇನ್ನೊಂದು ಸಂಪತ್ತಿನ ಬಗ್ಗೆ ನನಗೆ ಹೆಚ್ಚು ಸಂಕಟ. ನಾಲ್ಕನೆಯ ತರಗತಿಯ ಕೋಣೆಯಲ್ಲಿ ಮಕ್ಕಳು ಇಂಗ್ಲಿಷ್ ಓದುವುದನ್ನು ಕಿವಿಗೊಟ್ಟು ಕೇಳಿ. ಮನೆಯಲ್ಲಿ ದಖ್ಖನಿ ಆಡುವ ಹುಡುಗ 'ಇಸ್ಕೂಲ್', 'ಇಸ್ಟೇಶನ್' ಎನ್ನುತ್ತಾನೆ. ಪದದ ಮೊದಲಿಗೆ ಎರಡು ವ್ಯಂಜನ ಕೂಡಿ ಬಂದರೆ ಅವನ ನಾಲಿಗೆ ಮೆಟ್ಟಿಲಿಗೆಂದು ಒಂದು 'ಇ' ಹಾಕಿಕೊಳ್ಳುತ್ತದೆ. ಕನ್ನಡದ ಹುಡುಗಿಗೆ ಆ ತೊಡಕಿಲ್ಲ, ಆದರೆ ಅವಳು 'ಝೂ'ವನ್ನು 'ಜೂ' ಎನ್ನುತ್ತಾಳೆ, 'ಫ್ಯಾನ್' 'ಪ್ಯಾನ್' ಆಗುತ್ತದೆ. ಆ ಎರಡು ಧ್ವನಿಗಳು ದಖ್ಖನಿಯ ಹುಡುಗನಿಗೆ ಬಾಯಲ್ಲೇ ಇವೆ: ಜಮೀನು, ಸಾಫು ಎಂಬ ಪದಗಳನ್ನು ಅವನ ಅಮ್ಮ ಆಡುವುದನ್ನು ಕೇಳಿದರೆ ಗೊತ್ತಾಗುತ್ತದೆ. ಇವರಿಬ್ಬರನ್ನು ಎದುರುಬದುರು ಕೂರಿಸಿದರೆ ಒಬ್ಬರಿಗೊಬ್ಬರು ಮೇಷ್ಟ್ರಾಗುತ್ತಾರೆ. ಹತ್ತು ನಿಮಿಷದ ಕೆಲಸ, ಖರ್ಚು ಸೊನ್ನೆ. ಲೂಸಿಗೆ ಇದು ಗೊತ್ತಾಗುವುದು ಸಾಧ್ಯವೇ ಇಲ್ಲ, ಅವಳಿಗೆ ಎಲ್ಲರೂ ಲೂಸಿಯರೇ.

ವ್ಯಾಕರಣದಲ್ಲೂ ಹಾಗೆಯೇ. ಕನ್ನಡ, ಮರಾಠಿ, ಉರ್ದು, ಲಂಬಾಣಿ ನಾಲ್ಕರಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ, 'ಮೇಲೆ', 'ಒಳಗೆ' ಎಂಬವು ನಾಮಪದದ ಬೆನ್ನಿಗೆ ಬರುತ್ತವೆ. ಇಂಗ್ಲಿಷಿನಲ್ಲಿ ಎರಡೂ ಉಲ್ಟಾ. ಹುಮನಾಬಾದಿನ ಒಬ್ಬ ಟೀಚರಮ್ಮ ಇದನ್ನು ಮಕ್ಕಳನ್ನೇ ಪದಗಳನ್ನಾಗಿ ಮಾಡಿ ಸಾಲಾಗಿ ನಿಲ್ಲಿಸಿ ಕಲಿಸಿದ್ದನ್ನು ನೋಡಿದೆ. ಕನ್ನಡದ ಸಾಲು ನಿಂತಿತು, ಉರ್ದು ಸಾಲು ಅದರ ಪಕ್ಕಕ್ಕೆ ಹಾಗೆಯೇ ನಿಂತಿತು. 'ಈಗ ಇಂಗ್ಲಿಷ್‌ನಾಗ ನಿಲ್ರಿ' ಎಂದಾಗ ಮಕ್ಕಳು ಒಬ್ಬರನ್ನೊಬ್ಬರು ತಳ್ಳಾಡಿ ಜಾಗ ಬದಲಿಸಿಕೊಂಡರು. 'ಆನ್' ಆಗಿದ್ದ ಪುಟ್ಟ ಹುಡುಗ 'ಟೇಬಲ್' ಆಗಿದ್ದವಳ ಹಿಂದಿನಿಂದ ಮುಂದಕ್ಕೆ ಓಡಿಬಂದ. ಅವನು ಅದನ್ನು ಮರೆಯಲಾರ. ಟೀಚರಮ್ಮ ಕಲಿತದ್ದು ಕನ್ನಡ ಮಾಧ್ಯಮದಲ್ಲಿ, ಅವರ ಇಂಗ್ಲಿಷ್ ಉಚ್ಚಾರ ಲೂಸಿಯದರ ಹತ್ತಿರಕ್ಕೂ ಹೋಗುವುದಿಲ್ಲ. ಆದರೆ ಅವರಿಗೆ ನಾಲ್ಕು ಭಾಷೆ ಬರುತ್ತವೆ, ಮಕ್ಕಳು ಎಲ್ಲಿ ಎಡವುತ್ತಾರೆ ಎಂಬುದು ಬರುತ್ತದೆ. ಇಂಥವರಿಗೆ ಇಂಗ್ಲಿಷ್ ಬೋಧನೆಯ ತರಬೇತಿ ಕೊಡಲೆಂದೇ 1963ರಿಂದ ಒಂದು ಪ್ರಾದೇಶಿಕ ಸಂಸ್ಥೆ ಇದೆ. ಇರುವುದು ಬೆಂಗಳೂರಿನಲ್ಲಿ, ಇಲ್ಲಿಂದ ಒಂದು ರಾತ್ರಿಯ ಪ್ರಯಾಣ. ಪರದೆ ಲಾರಿಯಲ್ಲಿ ಹಳ್ಳಿಯವರೆಗೆ ಬರುತ್ತದೆ, ತರಬೇತಿ ಯಾಕೆ ಬೀದರ ದಾಟಿ ಹುಮನಾಬಾದಿಗೆ ಬರುವುದಿಲ್ಲ?

ಲಾರಿ ಎಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಈ ಎರಡು ಊರು ಬದುಕಿರುವುದು ಹೆದ್ದಾರಿಯಿಂದ. ಚಾಲಕರು, ಮೆಕ್ಯಾನಿಕ್ಕುಗಳು, ಬಾಡಿ ಕಟ್ಟುವವರ ಮಕ್ಕಳು ನಮ್ಮ ಸರ್ಕಾರಿ ಶಾಲೆ ತುಂಬ ಇದ್ದಾರೆ. ಬ್ರೇಕು, ಕ್ಲಚ್ಚು, ಗೇರು, ಟೈರು, ಪಂಚರು, ಲೋಡು, ಪರ್ಮಿಟ್ಟು. ಪಠ್ಯಪುಸ್ತಕ ಕೊಡುವುದಕ್ಕಿಂತ ಹೆಚ್ಚು ಇಂಗ್ಲಿಷ್ ನಾಮಪದಗಳು ಈ ಮಕ್ಕಳ ಬಾಯಲ್ಲಿ ಆಗಲೇ ಇವೆ. ಸ್ಟೆಪ್ನಿ ಎಂಬ ಪದವಂತೂ ವೇಲ್ಸ್‌ನ ಲ್ಯಾನೆಲಿ ಎಂಬ ಊರಿನ ಸ್ಟೆಪ್ನಿ ಬೀದಿಯಿಂದ ಹೊರಟು ಬಂದದ್ದು. ಇಂಗ್ಲೆಂಡಿನಲ್ಲಿ ಇಂದು ಎಷ್ಟೋ ಜನಕ್ಕೆ ತಿಳಿಯದ ಆ ಪದ ಸಸ್ತಾಪುರ ಬಂಗ್ಲಾದ ಪಂಚರ್ ಅಂಗಡಿಯಲ್ಲಿ ದಿನಾ ಬಳಕೆಯಲ್ಲಿದೆ. ಲಾರಿಯ ಬೆನ್ನ ಮೇಲೆ 'ಹಾರ್ನ್ ಓಕೆ ಪ್ಲೀಸ್', 'ಸ್ಟಾಪ್', 'ಗೂಡ್ಸ್ ಕ್ಯಾರಿಯರ್' ಎಂದು ದಪ್ಪ ಅಕ್ಷರದಲ್ಲಿ ಬಣ್ಣ ಹಚ್ಚಿ ಬರೆದಿರುತ್ತದೆ. ಮೇಷ್ಟ್ರ ಮೊಬೈಲಿನಲ್ಲಿ ಇವುಗಳ ಫೋಟೋ ತೆಗೆದು ತಂದು ತರಗತಿಯಲ್ಲಿ ತೋರಿಸಿದರೆ ಅದೂ ಮಲ್ಟಿಮೀಡಿಯಾವೇ. ಮಗುವಿನ ಅಪ್ಪನ ಕೆಲಸ ಪರದೆಯ ಮೇಲೆ ಬಂದಾಗ ಆ ಮಗು ಏಳುತ್ತದೆ, ಬೆರಳು ತೋರಿಸುತ್ತದೆ, ಮಾತಾಡುತ್ತದೆ. ಹಿಮದ ಬೆಟ್ಟದ ಮುಂದೆ ಯಾರೂ ಎದ್ದದ್ದನ್ನು ನಾನು ನೋಡಿಲ್ಲ.

ಈ ಪತ್ರಿಕೆಯ ಓದುಗರಲ್ಲಿ ಕೆಲವರಿಗೆ ಇಷ್ಟರಲ್ಲಿ ಬೇರೆಯೇ ಸಿಟ್ಟು ಬಂದಿರಬಹುದು: ಕನ್ನಡದ ಮಕ್ಕಳಿಗೆ ಇಂಗ್ಲಿಷ್ ಚೆನ್ನಾಗಿ ಕಲಿಸುವ ಚಿಂತೆ ನಿನಗೇಕೆ, ಸಾಹಿತ್ಯದ ಹುಡುಗಿ? ನನ್ನ ಉತ್ತರ ಒರಟಾಗಿದ್ದರೆ ಕ್ಷಮಿಸಿ. ಮಾಧ್ಯಮದ ಪ್ರಶ್ನೆಯನ್ನು ಸುಪ್ರೀಂ ಕೋರ್ಟು 2014ರ ಮೇ 6ರಂದು ಪಾಲಕರ ಕೈಗೆ ಕೊಟ್ಟಿತು. ಪಾಲಕರು ಅಂದಿನಿಂದ ಕಾಲಿನಿಂದ ಮತ ಹಾಕುತ್ತಿದ್ದಾರೆ. ಕೂಲಿಯ ದುಡ್ಡಿನಲ್ಲಿ ಫೀಸು ಕಟ್ಟಿ ಮಕ್ಕಳನ್ನು ಖಾಸಗಿ ಶಾಲೆಯ ಹಳದಿ ವ್ಯಾನು ಹತ್ತಿಸುತ್ತಿದ್ದಾರೆ. 2007ರಿಂದ ಸರ್ಕಾರಿ ಶಾಲೆಗಳಲ್ಲಿ 1ನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸುತ್ತಿದ್ದೇವೆ ಎಂದರೆ ಅವರು ನಂಬುವುದಿಲ್ಲ, ನಂಬುವಂತೆ ನಾವು ಕಲಿಸಿಲ್ಲ. ಸರ್ಕಾರಿ ಕನ್ನಡ ಶಾಲೆ ಉಳಿಯಬೇಕಾದರೆ ಅಲ್ಲಿ ಇಂಗ್ಲಿಷ್ ಚೆನ್ನಾಗಿ ಬರಬೇಕು. ಸ್ಮಾರ್ಟ್ ಕ್ಲಾಸನ್ನು ತಂದದ್ದೂ ಈ ಪಾಲಕರನ್ನು ಸೆಳೆಯಲೆಂದೇ. ದಾಖಲಾತಿ ಅಭಿಯಾನದ ಬ್ಯಾನರಿನಲ್ಲಿ ಮೊದಲು ಅಚ್ಚಾಗುವ ಫೋಟೋ ಅದರದು. ಗಾಳಕ್ಕೆ ಸಿಕ್ಕಿಸಿದ ಹುಳ ಅದು. ಮಗು ಒಳಗೆ ಬಂದ ಮೇಲೆ ಆರನೆಯ ತರಗತಿಗೆ ಹೋಗುವಷ್ಟರಲ್ಲಿ 'ಇಂಗ್ಲಿಷ್ ನಮ್ಮಂಥವ್ರಿಗಲ್ಲ' ಎಂದು ತೀರ್ಮಾನಿಸಿಬಿಟ್ಟಿರುತ್ತದೆ. ಆಮೇಲೆ ಯಾವ ಕೋಚಿಂಗೂ ಆ ತೀರ್ಮಾನವನ್ನು ತಿರುಗಿಸಲಾರದು. ಮುಂದೆ ಡಿಪ್ಲೊಮಾ, ನರ್ಸಿಂಗು, ನೆಟ್ ಪರೀಕ್ಷೆ, ಎಲ್ಲದರ ಬಾಗಿಲಲ್ಲಿ ಅದೇ ಮಾತು ಎದುರಿಗೆ ನಿಲ್ಲುತ್ತದೆ. ಅದನ್ನು ದಾಟಿ ಬಂದವಳಾಗಿ ಹೇಳುತ್ತಿದ್ದೇನೆ.

ನಮ್ಮ ಅಜ್ಜಂದಿರು ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿದವರು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವೇ ಉರ್ದು ಮಾಧ್ಯಮದಲ್ಲಿ ಶುರುವಾದ ರಾಜ್ಯ ಅದು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು. ಆಳುವವರ ಭಾಷೆಯನ್ನು ಅವರು ಕಲಿತರು, ತಮ್ಮದನ್ನು ಬಿಡಲಿಲ್ಲ, ಆ ಉರ್ದುವಿನ ಪದಗಳನ್ನು ಹೊಲಗದ್ದೆಯ ಕನ್ನಡಕ್ಕೆ ಬೆರೆಸಿಕೊಂಡರು. ಆ ಪದ್ಧತಿಯನ್ನು ಹೊಗಳುತ್ತಿಲ್ಲ, ಆಗ ಕನ್ನಡ ಶಾಲೆಗಾಗಿ ಇಲ್ಲಿ ಜನ ಪಟ್ಟ ಪಾಡು ಸಣ್ಣದಲ್ಲ. ಹೊಸ ಭಾಷೆ ಬಂದರೆ ಹಳೆಯದು ಸತ್ತೇಹೋಗುತ್ತದೆ ಎಂಬ ಭಯವನ್ನು ಕಲ್ಯಾಣದವರ ಮುಂದೆ ಆಡಬೇಡಿ ಎಂದಷ್ಟೇ ಹೇಳುತ್ತಿದ್ದೇನೆ.

ಹಾಗಾದರೆ ಯಂತ್ರದಿಂದ ಮಾಡಿಸಬೇಕಾದ್ದೇನು? ಕೇಳಿಸಿಕೊಳ್ಳುವ ಕೆಲಸ. ಮಗುವಿನ ಮಾತನ್ನು ರೆಕಾರ್ಡ್ ಮಾಡಿ ಅದಕ್ಕೇ ಕೇಳಿಸುವುದಕ್ಕಿಂತ ಒಳ್ಳೆಯ ಉಪಯೋಗ ಮೊಬೈಲಿಗೆ ಇಲ್ಲ. ತನ್ನ 'ಇಸ್ಕೂಲ್' ತನಗೇ ಕೇಳಿಸಿದಾಗ ಹುಡುಗ ನಗುತ್ತಾನೆ, ತಿದ್ದಿಕೊಳ್ಳುತ್ತಾನೆ. ಬಸವಕಲ್ಯಾಣದ ಮಕ್ಕಳು ಹೇಳಿದ ಕತೆಯನ್ನು ಹುಮನಾಬಾದಿನ ಶಾಲೆಗೆ ಕಳಿಸಿ, ಅಲ್ಲಿಂದ ಪ್ರಶ್ನೆ ತರಿಸಿ. ಆಗ ಇಂಗ್ಲಿಷಿಗೊಂದು ಓಣಿ ಹುಟ್ಟುತ್ತದೆ. ವಿಡಿಯೋ ತೋರಿಸುವುದಾದರೆ ಪ್ರಶ್ನೆಯ ಬಳಿ ನಿಲ್ಲಿಸಿ, ಲೂಸಿಯ ಬಾಯಿ ಮುಚ್ಚಿಸಿ, ಸರದಿಯಂತೆ ಮೂವತ್ತೆರಡು ಮಕ್ಕಳ ಹೆಸರು ಕೇಳಿ. ಒಂದು ಪೀರಿಯಡ್ಡು ಪೂರ್ತಿ ಹೋಗಲಿ.

ಪದಗಳ ಸಾಲು ನಿಲ್ಲಿಸಿದ ಆ ಟೀಚರಮ್ಮ ಕಳೆದ ವರ್ಷ ಮೇಲಿನವರಿಗೆ ಒಂದು ಅರ್ಜಿ ಬರೆದಿದ್ದರು. ಕೇಳಿದ್ದು ಎರಡು ಸಣ್ಣ ಬ್ಲೂಟೂತ್ ಸ್ಪೀಕರು ಮತ್ತು ವಾರಕ್ಕೊಮ್ಮೆ ಸುತ್ತಲಿನ ನಾಲ್ಕು ಶಾಲೆಯ ಇಂಗ್ಲಿಷ್ ಮೇಷ್ಟ್ರುಗಳು ಒಂದೆಡೆ ಸೇರಿ ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳಲು ಒಂದು ತಾಸಿನ ಅನುಮತಿ. ಸ್ಪೀಕರಿಗೆ ಲೆಕ್ಕಶೀರ್ಷಿಕೆ ಇಲ್ಲ ಎಂದು ಉತ್ತರ ಬಂತು. ಒಂದು ತಾಸಿನ ಬಗ್ಗೆ ಇನ್ನೂ ಬಂದಿಲ್ಲ. ಈ ಜೂನ್‌ಗೆ ಅವರ ಶಾಲೆಗೆ ಎರಡನೆಯ ಪರದೆ ಬರಲಿದೆಯಂತೆ.